ಕಡಲ ಪೇಟೆಯ ಮೇಲಿನ ದೂರು

ದೀಪ್ತಿ: ಕಾಲಿಗೆ ಕಲ್ಲು ಚುಚ್ಚಿತು ಅಂದ್ರು ಆ ಅಮೆರಿಕದವರು. ನಾನೇ ಕೇಳಿದ್ದು.

ಕೀರ್ತನ್: ಅದು ಇಂಗ್ಲೆಂಡಿನ ಕಲ್ಲು ಮಾರಾಯ್ತಿ. ಅಲ್ಲಿಯ ಸಮುದ್ರದ ಬದಿಯಲ್ಲಿ ಮರಳೇ ಇಲ್ಲವಂತೆ.

ದೀಪ್ತಿ: ನಮ್ಮ ಅಂಗಳದಲ್ಲಿಯೂ ಕಲ್ಲುಂಟು. ಅದಕ್ಕೇ ಅವರು ಆ ಮಾತು ತೆಗೆದದ್ದು.

ಅಜ್ಜಾವರ ಎಂಬ ಹಳ್ಳಿಯಲ್ಲಿ ಈ ಗಂಡಹೆಂಡತಿಯ ಮನೆಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಮೊತ್ತಮೊದಲ ಅತಿಥಿಗಳು ಡ್ವೈಟ್ ಮತ್ತು ಮಾರ್ಗೊ, ಅರುವತ್ತು ದಾಟಿದ ಅಮೆರಿಕದ ದಂಪತಿ. ಇಂಗ್ಲೆಂಡಿನ ಒಂದು ಸಣ್ಣ ಕಡಲ ಪೇಟೆಯಲ್ಲಿ ವಾರ ಕಳೆದು ಬಂದವರು, ಜಗಲಿಯಲ್ಲಿ ಕೂತರೆ ಅದರದ್ದೇ ಮಾತು. ಹೊರಡುವ ಮೊದಲು ಇವರು ಇಂಟರ್ನೆಟ್ಟಿನಲ್ಲಿ ನಾಲ್ಕು ಒಳ್ಳೆಯ ಸಾಲು ಬರೆದರೆ ಕೋಣೆಗೆ ಜನ ಬರುತ್ತಾರೆ. ಜನ ಬಂದರೆ ದೀಪ್ತಿ ಮಂಗಳೂರಿನ ಕೆಲಸ ಬಿಟ್ಟು ಹತ್ತು ತಿಂಗಳ ಮಗುವಿನೊಂದಿಗೆ ಇಲ್ಲೇ ಉಳಿಯಬಹುದು. ಇಲ್ಲವಾದರೆ ಒಂದನೇ ತಾರೀಕಿಗೆ ರಜೆ ಮುಗಿದು ಅವಳು ಕೆಲಸಕ್ಕೆ, ಮಗು ಅಲ್ಲಿಯ ಡೇ ಕೇರಿಗೆ. ಆ ಡೇ ಕೇರಿನ ಒರೆಸದ ನೆಲ ಅವಳ ಕನಸಿನಲ್ಲಿಯೂ ಬರುತ್ತಿತ್ತು.

ಬಸಳೆ ಕೊಯ್ಯುತ್ತಿದ್ದ ಅತ್ತೆ ಪೂವಮ್ಮ ತಲೆಯೆತ್ತಲಿಲ್ಲ.

ಪೂವಮ್ಮ: ಅವಳು ಹೇಳುದು ಸರಿ. ಹೋದ ಮದುವೆಯ ಪಾಯಸ ನೀರು ಅಂತ ನೆಂಟರು ಹೇಳುದು ಯಾರ ಹತ್ರ? ಈ ಮದುವೆಯ ಮನೆಯವರ ಹತ್ರ. ನೇರ ಹೇಳ್ಲಿಕ್ಕೆ ದಾಕ್ಷಿಣ್ಯ.

ಕೀರ್ತನ್: ಅಮೆರಿಕದವರು ಹಾಗೆ ಸುತ್ತಿಬಳಸಿ ಹೇಳುದಿಲ್ಲಮ್ಮ.

ಪೂವಮ್ಮ: ಎಲ್ಲಿಯ ನೆಂಟರಾದ್ರೂ ಒಂದೇ ನಮೂನೆ.

ಕೀರ್ತನ್ ಅಂಗಳಕ್ಕಿಳಿದು ಕಲ್ಲು ಹೆಕ್ಕಿದ. ಅರ್ಧ ಬಕೆಟ್ ತುಂಬಿಸಿ ಬರುವಷ್ಟರಲ್ಲಿ ದೂರು ಇನ್ನಷ್ಟು ಬೆಳೆದಿತ್ತು.

ದೀಪ್ತಿ: ಅವರು ಹೋದಾಗ ಅಲ್ಲಿ ಸಮುದ್ರವೇ ಇರಲಿಲ್ಲವಂತೆ. ಇಳಿತ ಆಗಿ ಅರ್ಧ ಮೈಲು ಹಿಂದೆ ಹೋಗಿತ್ತಂತೆ.

ಕೀರ್ತನ್: ಅದಕ್ಕೆ ನಾನೆಂತ ಮಾಡುದು?

ದೀಪ್ತಿ: ಹೊಳೆಯಲ್ಲಿ ನೀರುಂಟಾ ನೋಡಿ ಬನ್ನಿ. ಸಂಜೆ ಅವರನ್ನು ಕರ್ಕೊಂಡು ಹೋಗುವಾಗ ಇಲ್ಲದಿದ್ರೆ?

ಕೀರ್ತನ್: ಬೆಳಿಗ್ಗೆ ಇತ್ತು.

ದೀಪ್ತಿ: ಅಲ್ಲಿಯೂ ಬೆಳಿಗ್ಗೆ ಇತ್ತಂತೆ. ಮತ್ತೆ ಒಂದು ಹಕ್ಕಿ ಬಂದು ಡ್ವೈಟ್ ಅವರ ಕೈಯಿಂದ ಹುರಿದ ಮೀನು ಕಿತ್ಕೊಂಡು ಹೋಯ್ತಂತೆ.

ಕೀರ್ತನ್ ಬಕೆಟ್ ಕೆಳಗಿಟ್ಟ.

ಕೀರ್ತನ್: ಊಟ ಒಳಗೇ ಬಡಿಸುವ. ಕಾಗೆ ಉಂಟಲ್ಲ.

ದೀಪ್ತಿ: ಇನ್ನು ಅಲ್ಲಿ ಅವರು ಉಳ್ಕೊಂಡಿದ್ದ ಮನೆಯ ಒಡತಿ. ಗೋಡೆ ತುಂಬ ಚೀಟಿ ಅಂಟಿಸಿದ್ಲಂತೆ. ಚಪ್ಪಲಿ ಇಲ್ಲಿಡಿ, ಕಿಟಕಿ ತೆಗಿಬೇಡಿ, ಎಂಟು ಗಂಟೆ ದಾಟಿದ್ರೆ ತಿಂಡಿ ಇಲ್ಲ. ಐದು ನಿಮಿಷ ತಡ ಆದದ್ದಕ್ಕೆ ಬೈದ್ಲಂತೆ. ಅತ್ತೆ, ನೀವು ದಯವಿಟ್ಟು ಅವರ ಹತ್ರ ಮಾತಾಡ್ಬೇಡಿ.

ಪೂವಮ್ಮ: ನಾನೆಂತ ಬೈದದ್ದು?

ದೀಪ್ತಿ: ನಿನ್ನೆ ಡ್ವೈಟ್ ಕುರ್ಚಿಯ ಮೇಲೆ ಒದ್ದೆ ಟವೆಲ್ ಹಾಕಿದ್ದಕ್ಕೆ.

ಪೂವಮ್ಮ: ಅದು ಕನ್ನಡದಲ್ಲಿ ಹೇಳಿದ್ದು. ಅವನಿಗೆಂತ ಗೊತ್ತಾಗುದು?

ದೀಪ್ತಿ: ಗೊತ್ತಾಗಿದೆ. ಟವೆಲ್ ತೆಗೆದಿದ್ದಾರೆ.

ಪೂವಮ್ಮ ಬಾಯಿಗೆ ಬೀಗ ಹಾಕಿಕೊಂಡರು. ಮೂರನೆಯ ದಿನ ಬೆಳಿಗ್ಗೆ ಅಮೆರಿಕದವರ ಪೆಟ್ಟಿಗೆಗಳು ಜಗಲಿಗೆ ಬಂದವು. ಬಸ್ಸಿಗೆ ಒಂದು ಗಂಟೆ ಇತ್ತು. ಮಾರ್ಗೊ ಫೋನು ಹಿಡಿದು ಸುಮ್ಮನೆ ಕೂತಿದ್ದಳು. ದೀಪ್ತಿ ಮಗುವನ್ನು ಸೊಂಟದಲ್ಲಿ ಆಡಿಸುತ್ತ ಹತ್ತಿರ ಹೋಗಿ, ಆ ಮೂರು ದಿನಗಳಲ್ಲಿ ಐವತ್ತನೆಯ ಸಲವೋ ಏನೋ, ಎಲ್ಲ ಸರಿಯಿತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಮಾರ್ಗೊ: ಎಲ್ಲ ಸರಿಯಿತ್ತು. ಅದೇ ಕಷ್ಟ. ಬರೆಯಲು ಕೂತರೆ ಒಂದು ಸಾಲೂ ಬರುತ್ತಿಲ್ಲ. ಆ ಕಡಲ ಪೇಟೆಯ ಬಗ್ಗೆ ಎರಡು ಪುಟ ಬರೆದಿದ್ದೆ.

ದೀಪ್ತಿ: ದೂರು ಬರೆದದ್ದಲ್ಲವಾ?

ಮಾರ್ಗೊ: ದೂರೇ? ನಾವು ಅಲ್ಲಿಗೆ ಹೋದದ್ದು ಇದು ಒಂಬತ್ತನೆಯ ಸಲ.

ದೀಪ್ತಿ: ಆ ಬೈಯುವ ಹೆಂಗಸಿನ ಮನೆಗಾ?

ಡ್ವೈಟ್: ಅವಳಿಗಾಗಿಯೇ ಹೋಗುವುದು. ನನ್ನ ತಾಯಿ ತೀರಿಹೋದ ಮೇಲೆ ನನ್ನನ್ನು ಗದರಿಸುವವರು ಅವಳೊಬ್ಬಳೇ. ಇಲ್ಲಿ ಎಲ್ಲರೂ ಬಹಳ ಮರ್ಯಾದೆ ಕೊಟ್ಟಿರಿ. ಆಸ್ಪತ್ರೆಯಲ್ಲಿ ಇದ್ದ ಹಾಗಾಯಿತು.

ದೀಪ್ತಿ ಮಗುವನ್ನು ಗಂಡನ ಕೈಗೆ ಕೊಟ್ಟು ಅಡುಗೆಮನೆಗೆ ನಡೆದಳು.

ದೀಪ್ತಿ: ಅತ್ತೆ, ಸ್ವಲ್ಪ ಜಗಲಿಗೆ ಬನ್ನಿ. ಅವರಿಗೆ ಹೇಳ್ಲಿಕ್ಕೆ ನಿಮ್ಮ ಹತ್ರ ಎಂತಾದ್ರೂ ಉಂಟಾ?

ಪೂವಮ್ಮ ಸೆರಗಿಗೆ ಕೈ ಒರೆಸಿಕೊಂಡು ಎದ್ದರು.

ಪೂವಮ್ಮ: ಒಂದು ಗಂಟೆಯಲ್ಲಿ ಮುಗಿಯುದಿಲ್ಲ. ನಾಳೆಯ ಬಸ್ಸಿಗೆ ಹೋಗ್ಲಿಕ್ಕೆ ಹೇಳು.