ಏಳನೇ ಮೇಜಿಗೆ ತಣ್ಣನೆಯ ಸೂಪು ಬಡಿಸಿದ ಬಗ್ಗೆ

ಇಂಡಿಯನ್ ರೆಸ್ಟೋರೆಂಟ್, ಆಡಳಿತ ಶಾಖೆ
ಸುತ್ತೋಲೆ ಸಂಖ್ಯೆ: ಇಂರೆ/ಆಶಾ/ಬಡಿಸುವಿಕೆ/7/ತಣ್ಣ

ವಿಷಯ: ಏಳನೇ ಮೇಜಿಗೆ ತಡವಾಗಿ, ತಣ್ಣಗೆ ಹಾಗೂ ತಪ್ಪಾಗಿ ಬಡಿಸಿರುವ ಕುರಿತು.

ಉಲ್ಲೇಖ: 1. ದೂರು ಪುಸ್ತಕ, ಪುಟ 31.
2. ಮುಖ್ಯ ಅಡುಗೆಯವರ ಮೌಖಿಕ ವಿವರಣೆ: "ನಂಗೇನೂ ಗೊತ್ತಿಲ್ಲ."

ಪ್ರಸ್ತಾವನೆ:

ಕಳೆದ ಭಾನುವಾರ ಮಧ್ಯಾಹ್ನ ನಿವೃತ್ತ ದರ್ಜಿ ಮಹಿಳೆಯೊಬ್ಬರು (ಇನ್ನು ಮುಂದೆ 'ಅಕ್ಕ') ನರ್ಸ್ ಆಗಿರುವ ತಮ್ಮ ತಂಗಿಯನ್ನು ಚೀಟಿ ಬರೆದು ಊಟಕ್ಕೆ ಕರೆಸಿಕೊಂಡು ಸದರಿ ಮೇಜಿನಲ್ಲಿ ಕೂತಿರುತ್ತಾರೆ. ಹನ್ನೊಂದು ವರ್ಷಗಳ ಹಿಂದೆ ಅಕ್ಕ ತಂಗಿಯ ಗಂಡನಿಗೆ ಹೊಲಿದುಕೊಟ್ಟ ಕೋಟಿನ ಒಂದು ತೋಳು ಗಿಡ್ಡವೆಂದು ತಂಗಿ ನಾಲ್ಕು ಜನರೆದುರು ಆಡಿದ್ದು, "ತೋಳು ಸರಿಯಾಗೇ ಇದೆ, ನಿನ್ನ ಗಂಡನ ಕೈಯೇ ಉದ್ದ" ಎಂದು ಅಕ್ಕ ತಿರುಗಿಸಿ ಕೊಟ್ಟಿದ್ದು, ಅಂದಿನಿಂದ ಇಬ್ಬರ ನಡುವೆ ಮಾತು ಕಡಿದಿದ್ದು ವಿಚಾರಣೆಯಲ್ಲಿ ತಿಳಿದುಬಂದಿದೆ. "ತಪ್ಪಾಯ್ತು ಕಣೇ" ಎಂದು ಹೇಳಲು ಅಕ್ಕ ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದರು. ಸೂಪು ಬಂದ ಕೂಡಲೇ ಹೇಳಿಬಿಡುವುದೆಂದು ನಿಶ್ಚಯಿಸಿದ್ದರು. ಸೂಪು ಬರಲಿಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡಂತೆ ಸೂಚಿಸಲಾಗಿದೆ.

1. ಅಕ್ಕ ಆರು ಸಲ ಕೈ ಎತ್ತಿದರೂ ಸಪ್ಲೈಯರ್ ಫ್ಯಾನು ನೋಡುತ್ತಾ ನಿಂತಿದ್ದುದು ಕಂಡುಬಂದಿದೆ. ಕೆಲಸದ ವೇಳೆಯಲ್ಲಿ ಫ್ಯಾನು ನೋಡುವುದನ್ನು ನಿಷೇಧಿಸಲಾಗಿದೆ. ನೋಡಲೇಬೇಕಾದಲ್ಲಿ ಸರದಿಯ ಪ್ರಕಾರ, ಒಬ್ಬೊಬ್ಬರಾಗಿ ನೋಡತಕ್ಕದ್ದು.

2. ಸದರಿ ಸಪ್ಲೈಯರ್ "ಎರಡೇ ನಿಮಿಷ, ಅಮ್ಮಾ" ಎಂದು ಹೋದವರು ಐವತ್ತು ನಿಮಿಷಗಳ ನಂತರ ಮರಳಿರುತ್ತಾರೆ. ಅಷ್ಟು ಹೊತ್ತೂ ಅಕ್ಕ ಮೇಜುಬಟ್ಟೆಯ ಅಂಚಿನ ಹೊಲಿಗೆ ಸವರುತ್ತಾ, ತಂಗಿ ಉಪ್ಪಿನ ಡಬ್ಬಿ ತಿರುಗಿಸುತ್ತಾ ಕೂತಿದ್ದರು. ಮೂರು ಬಾರಿ ನಾಲಗೆ ತುದಿಗೆ ಬಂದ ಮಾತನ್ನು ಅಕ್ಕ ಮೂರು ಬಾರಿಯೂ ನುಂಗಿಕೊಂಡರು. ಇನ್ನು ಮುಂದೆ ಪ್ರತಿ ನಿಮಿಷಕ್ಕೆ ಅರವತ್ತು ಸೆಕೆಂಡುಗಳು ಮಾತ್ರ ಇರತಕ್ಕದ್ದು. ಹೆಚ್ಚುವರಿ ಸೆಕೆಂಡುಗಳು ಬೇಕಾದವರು ಮುಂಚಿತವಾಗಿ ಲಿಖಿತ ಕೋರಿಕೆ ಸಲ್ಲಿಸುವುದು.

3. ಕೊನೆಗೆ ಬಂದ ಸೂಪಿನ ಬಟ್ಟಲನ್ನು ತಂಗಿಯು ರೋಗಿಯ ನಾಡಿ ಹಿಡಿದಂತೆ ಹಿಡಿದು, "ಅಕ್ಕಾ, ಇದು ಹೋಗಿ ತುಂಬಾ ಹೊತ್ತಾಗಿದೆ" ಎಂದಿದ್ದಾರೆ. ಹನ್ನೊಂದು ವರ್ಷಗಳಲ್ಲಿ ತಂಗಿಯ ಬಾಯಿಂದ 'ಅಕ್ಕಾ' ಎಂದು ಕೇಳಿದ್ದು ಅದೇ ಮೊದಲಾದ್ದರಿಂದ ಅಕ್ಕನ ಕೈಯಿಂದ ಚಮಚ ಜಾರಿದೆ. ಸೂಪು, ಕುಡಿಯುವ ನೀರಿಗಿಂತ ಬಿಸಿಯಾಗಿರತಕ್ಕದ್ದು. ಸಾಧ್ಯವಾಗದಿದ್ದಲ್ಲಿ ನೀರನ್ನು ಇನ್ನಷ್ಟು ತಣ್ಣಗಾಗಿಸತಕ್ಕದ್ದು.

4. ರೊಟ್ಟಿಯನ್ನು ಎರಡೂ ಕೈಯಿಂದ ಎಳೆದು ಸೋತ ಅಕ್ಕ, "ಒಳಗೆ ಕಾಲರಿಗೆ ಹಾಕೋ ಗಟ್ಟಿ ಕ್ಯಾನ್ವಾಸು ಹಾಕಿದಾರೆ ಕಣೇ, ಕತ್ತರಿ ತರಬೇಕಿತ್ತು" ಎಂದಿದ್ದಾರೆ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಾರೆ. ರೊಟ್ಟಿಯು ಹರಿಯತಕ್ಕದ್ದು. ಹರಿಯದ ರೊಟ್ಟಿಯನ್ನು ಅಲುಗಾಡುವ ಮೇಜುಗಳ ಕಾಲಿನ ಕೆಳಗೆ ಇಡಲು ಮಾತ್ರ ಬಳಸತಕ್ಕದ್ದು.

5. ಅನ್ನ ಕೇಳಿದವರಿಗೆ ಐಸ್‌ಕ್ರೀಮ್ ತಂದಿಟ್ಟ ಸಪ್ಲೈಯರ್, ಕೇಳುವ ಮೊದಲೇ "ತಪ್ಪಾಯ್ತು ಅಮ್ಮಾ" ಎಂದಿರುತ್ತಾರೆ. ಅಕ್ಕ ಅವರನ್ನೇ ದಿಟ್ಟಿಸಿ ನೋಡಿ, ತಂಗಿಯ ಕಡೆ ತಿರುಗಿ, "ಎಷ್ಟು ಸಲೀಸಾಗಿ ಹೇಳಿಬಿಟ್ಟ ನೋಡು. ನಂದೂ ಅದೇ ಕಣೇ" ಎಂದಿದ್ದಾರೆ. ತಂಗಿ ಕಣ್ಣೊರೆಸಿಕೊಂಡು, "ಏಳು, ಇದನ್ನ ತಿಂದ್ರೆ ನನ್ನ ಆಸ್ಪತ್ರೆಗೇ ಬರ್ತೀಯ. ಮನೆಗೆ ಹೋಗೋಣ, ಬಿಸಿಯಾಗಿ ಏನಾದ್ರೂ ಮಾಡಿಕೊಡ್ತೀನಿ" ಎಂದಿದ್ದಾರೆ. ಸಪ್ಲೈಯರುಗಳು ದಿನಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಕ್ಷಮೆ ಕೇಳತಕ್ಕದ್ದಲ್ಲ. ಇದರಿಂದ ಗಿರಾಕಿಗಳು ಊಟ ಬಿಟ್ಟು ಎದ್ದು ಹೋಗುತ್ತಿರುವುದು ಸಾಬೀತಾಗಿದೆ.

6. ಹೊರಡುವಾಗ ಅಕ್ಕ ದೂರು ಪುಸ್ತಕದಲ್ಲಿ, "ಇಷ್ಟು ಕೆಟ್ಟ ಊಟ ಜನ್ಮದಲ್ಲೇ ಮಾಡಿಲ್ಲ. ನಿಮ್ಮಿಂದ ದೊಡ್ಡ ಉಪಕಾರವಾಯಿತು" ಎಂದು ಬರೆದಿರುತ್ತಾರೆ. ಈ ಎರಡು ವಾಕ್ಯಗಳಲ್ಲಿ ಯಾವುದರ ಮೇಲೆ ಕ್ರಮ ಜರುಗಿಸಬೇಕೆಂದು ತಿಳಿಯದಿರುವುದರಿಂದ ಮೂವರ ಸಮಿತಿ ರಚಿಸಲಾಗಿದೆ. ಸಮಿತಿಯ ಸದಸ್ಯರು ಊಟವನ್ನು ಮನೆಯಿಂದಲೇ ತರತಕ್ಕದ್ದು.

(ಸಹಿ/-)
ವ್ಯವಸ್ಥಾಪಕರು
(ಊಟಕ್ಕೆ ಹೊರಗೆ ಹೋಗಿರುವುದರಿಂದ ಅವರ ಪರವಾಗಿ)

ಪ್ರತಿಗಳು:
1. ಎಲ್ಲ ಸಪ್ಲೈಯರುಗಳಿಗೆ, ಓದಿ ರುಜು ಹಾಕಲು.
2. ಮುಖ್ಯ ಅಡುಗೆಯವರಿಗೆ, ಬಿಸಿ ಆರುವ ಮೊದಲು ಓದಲು.
3. ಎಂಟನೇ ಮೇಜಿನವರಿಗೆ, ಅಂದು ಹೇಳಿದ ಊಟ ಬರುವವರೆಗೆ ಓದಿಕೊಳ್ಳಲು.