ವರ್ಚಸ್ಸು ಎಂಟು

ಹೊಳೆನರಸೀಪುರದ ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದ ಮೇಲೆ, ಮಾತಿನಿಂದ ಆಗದ ಕೆಲಸವಿಲ್ಲ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಕೇಸು ಸೋತದ್ದು ಉಂಟು. ಆದರೆ ಅದು ಕಕ್ಷಿದಾರನ ದಾಖಲೆ ಸರಿಯಿಲ್ಲದೆ, ಇಲ್ಲವೇ ಎದುರು ವಕೀಲ ಮಹಾ ಕುತಂತ್ರಿಯಾಗಿ. ನನ್ನ ಮಾತಿನಲ್ಲಿ ಕೊರತೆಯಿತ್ತು ಎಂದು ಯಾರೂ ಹೇಳಿಲ್ಲ. ಹೇಳಲು ನಾನು ಬಿಟ್ಟೂ ಇಲ್ಲ.

ಇಂಥ ನನಗೆ ಮಾತೇ ಆಡದ ಅಳಿಯ ಸಿಕ್ಕಿದ. ಹೆಸರು ಚೇತನ್. ಚನ್ನರಾಯಪಟ್ಟಣದ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳುತ್ತಾನೆ. ಮದುವೆಯಾದ ಮೇಲೆ ಮೊದಲ ಸಲ ಮಗಳು ಕಾವ್ಯಾಳ ಜೊತೆ ನಮ್ಮ ಮನೆಯಲ್ಲಿ ಉಳಿಯಲು ಬಂದಿದ್ದ. ಶನಿವಾರ ಪೂರ್ತಿ ನಾನು ತೆಂಗಿನಕಾಯಿ ರೇಟು, ನಾಲೆ ನೀರು, ಹಾಸನದ ರಸ್ತೆ ಎಂದು ವಿಷಯದ ಮೇಲೆ ವಿಷಯ ತೆಗೆದೆ. ಎಲ್ಲಕ್ಕೂ ಅವನದು ಒಂದೇ ಉತ್ತರ: "ಹೌದು ಮಾವ." ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ, ಇವನಿಗೆ ನಾನು ಹಿಡಿಸಿಲ್ಲ ಎಂಬ ಅನುಮಾನ ನನ್ನನ್ನು ಕೊರೆಯತೊಡಗಿತ್ತು. ಒಬ್ಬಳೇ ಮಗಳು, ಒಬ್ಬನೇ ಅಳಿಯ. ಮುಂದೆ ಮೇಲ್ಮನವಿಗೆ ಅವಕಾಶವಿಲ್ಲದ ಪ್ರಕರಣ.

ಭಾನುವಾರ ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿದ ಮೇಲೆ ಅಳಿಯ ಚೀಲದಿಂದ ಬಣ್ಣಬಣ್ಣದ ದಾಳಗಳನ್ನು ತೆಗೆದು ಮೇಜಿನ ಮೇಲಿಟ್ಟ. ಒಂದಕ್ಕೆ ಇಪ್ಪತ್ತು ಮುಖ.

"ಇವ್ರು ಭಾನುವಾರ ಫ್ರೆಂಡ್ಸ್ ಜೊತೆ ಈ ಆಟ ಆಡ್ತಾರಪ್ಪ," ಎಂದಳು ಕಾವ್ಯ. "ಇವ್ರು ಕಥೆ ಹೇಳ್ತಾ ಹೋಗ್ತಾರೆ, ನಾವು ಅದ್ರೊಳಗಿನ ಪಾತ್ರಗಳು. ಏನ್ ಮಾಡ್ತೀವಿ ಅಂತ ನಾವು ಹೇಳ್ಬೇಕು. ಅದು ಆಗುತ್ತೋ ಇಲ್ವೋ ಅಂತ ದಾಳ ಹೇಳುತ್ತೆ. ಆಡ್ತೀಯಾ?"

ಅಳಿಯ ಮೊದಲ ಬಾರಿಗೆ ನನ್ನ ಮುಖವನ್ನು ಆಸೆಯಿಂದ ನೋಡಿದ. ಮಾತಾಡುವ ಆಟ, ಅದೂ ನನ್ನ ಎದುರು! ಕೂಡಲೇ ಒಪ್ಪಿದೆ. ನನ್ನ ಹೆಂಡತಿ ವಿಮಲಾಳನ್ನೂ ಎಳೆದು ಕೂರಿಸಿದೆವು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು 'ಸಹಿ', 'ಚಿಲ್ಲರೆ', 'ಮುಂದಿನವರು' ಎಂಬ ಮಾತುಗಳಲ್ಲೇ ದಿನ ಮುಗಿಸುವವಳು. ಅವಳಿಂದ ನನಗೆ ಪೈಪೋಟಿ ಬರುವ ಸಂಭವವಿರಲಿಲ್ಲ.

ಮೊದಲು ಪಾತ್ರಕ್ಕೆ ಗುಣಗಳನ್ನು ಹಂಚಬೇಕಂತೆ. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು. ಅಳಿಯ ಆರು ಅಂಕಿ ಕೊಟ್ಟ. ಹದಿನೈದು ಎಲ್ಲಕ್ಕಿಂತ ದೊಡ್ಡದು, ಎಂಟು ಎಲ್ಲಕ್ಕಿಂತ ಚಿಕ್ಕದು. ಯಾವುದನ್ನು ಯಾವುದಕ್ಕೆ ಕೊಡಬೇಕೆಂಬುದು ನಮ್ಮ ಇಷ್ಟ.

"ಬುದ್ಧಿ, ವಿವೇಕ ಎರಡೂ ಒಂದೇ ಅಲ್ವೇನಪ್ಪ?" ಎಂದು ಆಕ್ಷೇಪಣೆ ಎತ್ತಿದೆ.

ಅಳಿಯ ಸ್ವಲ್ಪ ಯೋಚಿಸಿ, "ಅರಕಲಗೂಡು ಬಸ್ಸು ಎಷ್ಟೊತ್ತಿಗೆ ಅಂತ ಗೊತ್ತಿರೋದು ಬುದ್ಧಿ ಮಾವ. ಅಷ್ಟೊತ್ತಿಗೆ ಅದು ಬರಲ್ಲ ಅಂತ ಗೊತ್ತಿರೋದು ವಿವೇಕ," ಎಂದ.

ಎರಡು ದಿನದಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಅರ್ಥವಾಗದಿದ್ದರೂ ಬಹಳ ಸಂತೋಷವಾಯಿತು.

ಹದಿನೈದನ್ನು ನಾನು ಬಲಕ್ಕೆ ಕೊಟ್ಟೆ. ನಮ್ಮ ಮನೆಯಲ್ಲಿ ಗ್ಯಾಸ್ ಸಿಲಿಂಡರನ್ನು ಹೆಂಡತಿ ಉರುಳಿಸಿಕೊಂಡು ಬರುತ್ತಾಳೆ, ನಾನು ದಾರಿ ಬಿಡುತ್ತೇನೆ. ಕಥೆಯಲ್ಲಾದರೂ ಗಟ್ಟಿಮುಟ್ಟಾಗಿರೋಣ ಎನಿಸಿತು. ಉಳಿದದ್ದನ್ನು ಹಂಚುತ್ತಾ ಬಂದು, ಕೊನೆಗುಳಿದ ಎಂಟನ್ನು ವರ್ಚಸ್ಸಿನ ಮುಂದೆ ಬರೆದೆ.

"ಅಪ್ಪ, ನಾಲ್ಕು ಜನರನ್ನ ಮಾತಲ್ಲಿ ಒಪ್ಸೋಕೆ ಬೇಕಾಗೋದೇ ಅದು," ಎಂದು ಕಾವ್ಯ ಎಚ್ಚರಿಸಿದಳು.

"ಅದು ನನಗೆ ಹುಟ್ಟಿನಿಂದಲೇ ಇದೆ. ಅದಕ್ಕೆ ಯಾಕೆ ಅಂಕಿ ದಂಡ ಮಾಡ್ಲಿ?" ಎಂದೆ.

ವಿಮಲಾ ಯಾವುದಕ್ಕೆ ಏನು ಎಂದು ಕೇಳಲೇ ಇಲ್ಲ. ಹದಿನೈದರಿಂದ ಶುರುಮಾಡಿ, ಸುಮ್ಮನೆ ಕೊನೆಯ ಸಾಲಿನಿಂದ ಮೇಲಕ್ಕೆ ತುಂಬುತ್ತಾ ಬಂದಳು. ಕೊನೆಯ ಸಾಲು ವರ್ಚಸ್ಸಿನದು. ಪಾತ್ರದ ಹೆಸರೂ ವಿಮಲಾ ಎಂದೇ ಇಟ್ಟುಕೊಂಡಳು. ನನ್ನದು ಉಗ್ರಸೇನ. ಕಾವ್ಯ ಕಳ್ಳಿಯಾದಳು.

ಕಥೆ ಶುರುವಾಯಿತು. ಉರಿ ಬಿಸಿಲಲ್ಲಿ ನಾವು ಮೂವರು ಒಂದು ಕೋಟೆಯ ಮುಂದೆ ನಿಂತಿದ್ದೇವೆ. ಬಾಗಿಲು ಮುಚ್ಚಿದೆ. ವಾಚ್‌ಮನ್ ಒಳಗೆ ಬಿಡುತ್ತಿಲ್ಲ.

ನಾನು ಎದ್ದು ನಿಂತೆ. ದೇಶದೊಳಗೆ ಎಲ್ಲಿ ಬೇಕಾದರೂ ಓಡಾಡಲು ಸಂವಿಧಾನ ನನಗೆ ಕೊಟ್ಟಿರುವ ಹಕ್ಕಿನಿಂದ ಆರಂಭಿಸಿದೆ.

"ಅಲ್ಲಿ ರಾಜ ಇದಾನೆ ಮಾವ. ಸಂವಿಧಾನ ಇಲ್ಲ," ಎಂದ ಅಳಿಯ ವಿನಯದಿಂದ.

ಹಾಗಾದರೆ ರಾಜಧರ್ಮ ಎಂದೆ. ಅತಿಥಿ ಸತ್ಕಾರ ಎಂದೆ. ಬಾಯಾರಿದ ಹೆಂಗಸರನ್ನು ತೋರಿಸಿ ದನಿ ನಡುಗಿಸಿದೆ. ಕೋರ್ಟಿನಲ್ಲಿಯೂ ಅಷ್ಟು ಚೆನ್ನಾಗಿ ವಾದಿಸಿರಲಿಲ್ಲ. ಮುಗಿಸಿ ನೀರು ಕುಡಿದೆ.

"ಚೆನ್ನಾಗಿತ್ತು ಮಾವ. ಈಗ ದಾಳ ಹಾಕಿ. ಹನ್ನೆರಡು ಬಂದ್ರೆ ಸಾಕು."

ಹಾಕಿದೆ. ಸರಿಯಾಗಿ ಹನ್ನೆರಡು! ಮೀಸೆ ತೀಡಿಕೊಂಡೆ.

"ವರ್ಚಸ್ಸು ಎಂಟಲ್ವಾ, ಒಂದು ಕಳೀಬೇಕು. ಹನ್ನೊಂದಾಯ್ತು. ಅವನು ಒಪ್ಪಲಿಲ್ಲ."

"ಒಪ್ಪಲಿಲ್ವಾ? ಕೇಳಿಸ್ಕೊಂಡ್ನಾ ಅವನು?"

"ಕೇಳಿಸ್ಕೊಂಡ. ನೀವು ಮಾತಾಡಿದ ರೀತಿ ಹಿಡಿಸ್ಲಿಲ್ಲ ಅವನಿಗೆ."

ನನಗೆ ದಿಕ್ಕು ತೋಚಲಿಲ್ಲ. ಮಾತು ನನ್ನದು, ಹಾಗಾದರೆ ವರ್ಚಸ್ಸು ಯಾರದು? ಉಗ್ರಸೇನನಿಗೆ ಅಷ್ಟು ಮಾತು ಬರುವುದಿಲ್ಲವೆಂದರೆ ಇಷ್ಟು ಹೊತ್ತು ಮಾತಾಡಿದವರು ಯಾರು? ಅಳಿಯ ತಾಳ್ಮೆಯಿಂದ ವಿವರಿಸಿದ: ಮಾತುಗಾರ ಮಾತ್ರ ಗೆಲ್ಲಬಾರದು, ಸಂಕೋಚದವರಿಗೂ ಕಥೆಯಲ್ಲಿ ಅವಕಾಶ ಸಿಗಬೇಕು ಎಂದೇ ಈ ಅಂಕಿಗಳು. ಅವನ ಕ್ಲಾಸಿನಲ್ಲಿ ಎದ್ದು ನಿಂತರೆ ತೊದಲುವ ಹುಡುಗಿಯೊಬ್ಬಳು ಈ ಆಟದಲ್ಲಿ ರಾಯಭಾರಿಯಂತೆ. ಹೇಳುವಾಗ ಅವನ ಕಣ್ಣು ಹೊಳೆಯುತ್ತಿತ್ತು. ಆದರೆ ನಾನು ಅರ್ಧ ಮಾತ್ರ ಕೇಳಿಸಿಕೊಂಡೆ. ಉಳಿದರ್ಧ ಹೊತ್ತು ಮರುಪರಿಶೀಲನಾ ಅರ್ಜಿಗೆ ಅಂಶಗಳನ್ನು ಹುಡುಕುತ್ತಿದ್ದೆ.

ಆದ್ದರಿಂದಲೇ, ಪಕ್ಕದಲ್ಲಿ ನಡೆದದ್ದು ನನ್ನ ಕಿವಿಗೆ ಬೀಳಲಿಲ್ಲ. ವಿಮಲಾ, "ಅಣ್ಣ, ಬಿಸಿಲು. ಬಾಗ್ಲು ತೆಗೀರಿ," ಎಂದಿದ್ದಾಳೆ. ದಾಳದಲ್ಲಿ ಹತ್ತು ಬಿದ್ದಿದೆ. ಅವಳ ವರ್ಚಸ್ಸು ದೊಡ್ಡದಾದ್ದರಿಂದ ಎರಡು ಕೂಡಿ ಹನ್ನೆರಡಾಗಿದೆ. ವಾಚ್‌ಮನ್ "ಬಂದೆ ತಾಯಿ" ಎಂದು ಬೀಗದ ಕೈ ತರಲು ಹೋಗಿದ್ದಾನೆ.

"ಮಾತು ಸಾಕು," ಎಂದೆ ನಾನು. "ನನ್ನ ಬಲ ಹದಿನೈದು. ಬಾಗಿಲು ಒಡೀತೀನಿ."

"ಅಪ್ಪ, ತಡಿ—"

ದಾಳ ಬಿದ್ದಾಗಿತ್ತು. ಹತ್ತೊಂಬತ್ತು.

ಅಳಿಯ ಬಗ್ಗಿ ದಾಳ ನೋಡಿದ. "ಬಾಗಿಲು ಮುರಿದು ಒಳಗೆ ಬಿತ್ತು ಮಾವ. ಅದೇ ಹೊತ್ತಿಗೆ ಅವನು ಬೀಗ ತೆಗೀತಿದ್ದ."

"ಅಯ್ಯೋ, ವಾಚ್‌ಮನ್‌ನ ಸಾಯಿಸ್ಬಿಟ್ಯಲ್ಲಪ್ಪ," ಎಂದು ಕಾವ್ಯ ಕೂಗಿದಳು.

"ಸತ್ತ ಅನ್ನೋದಕ್ಕೆ ಸಾಕ್ಷಿ ಏನು? ಹೆಣ ಎಲ್ಲಿ?" ಎಂದು ನಾನೂ ಕೂಗಿದೆ.

"ಬಾಗ್ಲು ಕೆಳಗೆ," ಎಂದಳು ವಿಮಲಾ.

ಕಿಟಕಿ ತೆರೆದಿತ್ತು. ನಮ್ಮ ಎದುರಿಗೆ ಒಂದು ಕಲ್ಯಾಣ ಮಂಟಪ ಕಟ್ಟುತ್ತಿದ್ದಾರೆ. ಅಲ್ಲಿನ ವಾಚ್‌ಮನ್ ನಂಜಪ್ಪನೊಂದಿಗೆ, ನಮ್ಮ ಗೇಟಿಗೆ ಅಡ್ಡವಾಗಿ ಮರಳು ಸುರಿಸಿದ್ದಕ್ಕೆ ಬೆಳಿಗ್ಗೆ ತಾನೇ ಬೀದಿಗೆಲ್ಲ ಕೇಳುವಂತೆ ಜಗಳವಾಡಿದ್ದೆ. ನಮ್ಮ ಕೂಗಾಟ ಕೇಳಿ ಪಕ್ಕದ ಮನೆಯ ಪುಟ್ಟಸ್ವಾಮಣ್ಣ ಬಾಗಿಲಲ್ಲಿ ಪ್ರತ್ಯಕ್ಷನಾದ. ಕೊಬ್ಬರಿ ವ್ಯಾಪಾರಿ. ಸೈಟಿನ ಗಡಿ ತಕರಾರಿನಲ್ಲಿ ನನ್ನದೇ ಕಕ್ಷಿದಾರ.

"ಸಾ, ನಂಜಪ್ಪ ಎಲ್ಲವ್ನೆ? ಬೆಳಿಗ್ಗೆ ಜಗಳ ಆದಾಗ್ಲಿಂದ ಕಾಣ್ತಾ ಇಲ್ವಲ್ಲ," ಎಂದ. ಒಳಗೆ ಕಾಲಿಡಲಿಲ್ಲ.

"ಸತ್ತವನು ಆ ವಾಚ್‌ಮನ್ ಅಲ್ಲ ಪುಟ್ಟಸ್ವಾಮಣ್ಣ. ಮೊದಲು ಕೂತ್ಕೊ. ನನ್ನ ಬಲ ಹದಿನೈದು. ಅದಕ್ಕೇ ಬಾಗಿಲು ಬಿತ್ತು. ವರ್ಚಸ್ಸು ಎಂಟು ಆಗದೇ ಹೋಗಿದ್ರೆ ಮಾತಲ್ಲೇ ಮುಗೀತಿತ್ತು. ಕೊಲ್ಲೋ ಉದ್ದೇಶ ನನಗಿರಲಿಲ್ಲ, ಅದನ್ನ ಗಮನಿಸ್ಬೇಕು. ಅಲ್ಲದೆ ಕೊಂದದ್ದು ನಾನಲ್ಲ, ಉಗ್ರಸೇನ."

"ಅವ್ನ್ಯಾರು ಸಾ?"

"ನಾನೇ. ಆದ್ರೆ ನಾನಲ್ಲ. ಸತ್ತವನೂ ನಿಜವಾದವನಲ್ಲ."

"ಸತ್ತೋದ್ಮೇಲೆ ನಿಜವಾದೋನಲ್ಲ ಅಂದ್ರೆ ಎಂಗೆ ಸಾ?" ಎನ್ನುತ್ತಾ ಅವನು ಒಂದು ಹೆಜ್ಜೆ ಹಿಂದೆ ಸರಿದು, ಜೇಬಿನಿಂದ ಫೋನು ತೆಗೆದ.

ನಾನು ಇನ್ನಷ್ಟು ಸ್ಪಷ್ಟಪಡಿಸಲು ಹೋದೆ. ಬುದ್ಧಿಗೂ ವಿವೇಕಕ್ಕೂ ಇರುವ ವ್ಯತ್ಯಾಸದವರೆಗೂ ಹೋದೆ. ಸ್ಪಷ್ಟಪಡಿಸಿದಷ್ಟೂ ಅವನ ಬೆರಳು ಫೋನಿನ ಮೇಲೆ ಜೋರಾಗಿ ಓಡತೊಡಗಿತು.

"ಆಟ ಆಡ್ತಿದೀವಿ ಪುಟ್ಟಸ್ವಾಮಣ್ಣ," ಎಂದಳು ವಿಮಲಾ. "ನಂಜಪ್ಪ ಊರಲ್ಲಿಲ್ಲ, ಅವ್ನ ತಂಗಿ ಮನೆಗೆ ಹೋಗವ್ನೆ. ಬನ್ನಿ, ಒಬ್ಬಟ್ಟು ತಿನ್ನಿ."

"ಓ, ಆಟವಾ," ಎಂದು ಅವನು ಫೋನು ಜೇಬಿಗಿಟ್ಟು, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ.

ಈ ಸಲ ಯಾರೂ ದಾಳ ಹಾಕಿರಲಿಲ್ಲ. ಅಳಿಯ ನನ್ನ ಕಡೆ ನೋಡದಿರಲು ಬಹಳ ಪ್ರಯತ್ನಪಟ್ಟ. ಆಮೇಲೆ ಆಗದೆ ನಕ್ಕುಬಿಟ್ಟ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಮುಂದಿನ ಭಾನುವಾರ ಚನ್ನರಾಯಪಟ್ಟಣಕ್ಕೆ ಬರ್ಲೇಬೇಕು ಮಾವ," ಎಂದ. ಅಂತೂ ಅಳಿಯ ನನಗೆ ಒಲಿದ. ಯಾಕೆ ಒಲಿದ ಎಂಬುದು ಇವತ್ತಿಗೂ ನನಗೆ ಸರಿಯಾಗಿ ತಿಳಿದಿಲ್ಲ.

ಪುಟ್ಟಸ್ವಾಮಣ್ಣ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಾ ವಿಮಲಾಳ ಕಡೆ ಬಗ್ಗಿ, ನನಗೆ ಕೇಳಿಸುವುದಿಲ್ಲ ಎಂದು ಭಾವಿಸಿ ಕೇಳಿದ: "ಅಕ್ಕಾರೇ, ನಮ್ ಸೈಟಿನ ವಾಯಿದೆ ಸ್ವಾಮ್ವಾರ ಐತೆ. ಬೇಜಾರಿಲ್ದಿದ್ರೆ, ನೀವೂ ವಸಿ ಕೋರ್ಟ್ ತಾವ್ಕೆ ಬಂದಿರ್ತೀರಾ?"

ಒಂದು ದಾಳ ಕೆಳಗೆ ಬಿದ್ದಿತ್ತು. ಅದನ್ನು ತೆಗೆದುಕೊಳ್ಳಲು ನಾನು ಮೇಜಿನಡಿಗೆ ಬಗ್ಗಿದೆ. ಸಿಕ್ಕಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇದ್ದೆ.