ಅಕ್ಕನ ಮಣ್ಣಿನಂಗಡಿ

ಮಣ್ಣಿನ ವ್ಯಾಪಾರದಲ್ಲಿ ನಗೋಕೆ ಏನಿರುತ್ತೆ ಅನ್ನುವವರು ಬೈರಮಂಗಲದ ರಸ್ತೆಯಲ್ಲಿದ್ದ ನಮ್ಮಕ್ಕನ ನರ್ಸರಿಯಲ್ಲಿ ಒಂದು ಬೆಳಿಗ್ಗೆ ಕೂರಬೇಕಿತ್ತು. ಬಿಡದಿ ಸುತ್ತ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಅವರಿಗೆ ಗೇಟಿನೊಳಗೆ ತೋಟ ಬೇಕು, ಹೊಸ ಮನೆಯವರಿಗೆ ತಾರಸಿ ಮೇಲೆ ಕುಂಡ ಬೇಕು. ಹಾಗಾಗಿ ಅಕ್ಕ ಗಿಡಗಳ ಜೊತೆಗೆ ಮಣ್ಣಿಗೆ ಬೆರೆಸುವ ಪರ್ಲೈಟ್, ವರ್ಮಿಕ್ಯುಲೈಟ್, ಜಿಪ್ಸಮ್ ಎಲ್ಲ ಇಟ್ಟಳು. ಗಿರಾಕಿ ತಂದ ಮಣ್ಣನ್ನು ಅಂಗೈಯಲ್ಲಿ ಹಿಸುಕಿ, ಯಾವುದು ಬೇಕೆಂದು ಅವಳು ಹೇಳುವಳು. ಮೂಟೆ ಹೊರುವುದು ತಮ್ಮನಾದ ನನ್ನ ಕೆಲಸ. ಗಿರಾಕಿ ಎದುರಿಗೆ ಅಕ್ಕ ನಕ್ಕಿದ್ದನ್ನು ನಾನು ಕಂಡಿಲ್ಲ. ಆ ಶಕ್ತಿ ನನಗೆ ಬರಲೇ ಇಲ್ಲ.

ಬೇಯದ ಸಬ್ಬಕ್ಕಿ

ರಾಮನಗರದ ಒಬ್ಬಾಕೆ ಮಲ್ಲಿಗೆ ಕುಂಡಕ್ಕೆಂದು ಬೆಳ್ಳಗೆ ಕಾಳುಕಾಳಾಗಿರುವ ಪರ್ಲೈಟ್ ಕೊಂಡು ಹೋದರು. ಮಾರನೆಯ ದಿನ ಅವರ ಅತ್ತೆ ಪಾತ್ರೆ ಸಮೇತ ಬಂದರು.

"ಏನವ್ವಾ, ನಿನ್ ಸಬ್ಬಕ್ಕಿ ಬೇಯೋದೇ ಇಲ್ವಲ್ಲ! ಕುದ್ದೂ ಕುದ್ದೂ ಮೇಲೇ ತೇಲ್ತಾ ಐತೆ."

ನಾನು ಮೂಟೆಗಳ ಹಿಂದೆ ಓಡಿದೆ. ಅಕ್ಕ ಮಾತ್ರ ಮೆತ್ತಗೆ, "ಅದು ಕಾಯ್ಸಿ ಅರಳಿಸಿದ ಕಲ್ಲು ಕಣಮ್ಮ. ಮಣ್ಣು ಗಟ್ಟಿಯಾಗ್ದಂಗೆ ಬೆರೆಸೋದು" ಅಂದಳು.

ಅಜ್ಜಿ ಪಾತ್ರೆಯೊಳಗೆ ಇಣುಕಿ, "ಸದ್ಯ, ಬೆಲ್ಲ ಹಾಕಿರ್ಲಿಲ್ಲ" ಅಂದರು. ಮನೆಗೆ ಹೋಗಿ ಅದನ್ನೇ ಸೋಸಿ ಕುಂಡಕ್ಕೆ ಬೆರೆಸಿದರು. ಮಲ್ಲಿಗೆ ಹೇಗೆ ಬಿಟ್ಟಿತೆಂದರೆ, ಅವರ ಬೀದಿಯವರೆಲ್ಲ ನಮ್ಮಲ್ಲಿಗೆ ಬಂದರು. ಎಲ್ಲರದೂ ಒಂದೇ ಪ್ರಶ್ನೆ: "ಬೇಯ್ಸಿ ಹಾಕ್ಬೇಕಾ, ಹಂಗೇ ಹಾಕ್ಬೇಕಾ?"

ಮೂಟೆಯೊಳಗಿನ ಬಂಗಾರ

ಮರಳವಾಡಿ ಕಡೆಯ ಕುರಿ ಸಾಕುವ ರೈತರೊಬ್ಬರು ಮೆಣಸಿನ ಸಸಿಗೆಂದು ವರ್ಮಿಕ್ಯುಲೈಟ್ ಒಯ್ದಿದ್ದರು. ವಾರ ಕಳೆದು ಮೂಟೆಯನ್ನು ವಾಪಸ್ ಹೊತ್ತು ತಂದು, ಸುತ್ತಮುತ್ತ ನೋಡಿ ಪಿಸುಗುಟ್ಟಿದರು: "ತಕ್ಕಳವ್ವ. ಇದ್ರೊಳಗೆ ಬಂಗಾರ ಐತೆ. ನಿಂಗೆ ಗೊತ್ತಿಲ್ದೆ ಮಾರ್ಬುಟ್ಟಿದ್ದೀಯ. ಊರಲ್ಲಿ ಯಾರ್ಗೂ ಹೇಳಿಲ್ಲ."

ಅಕ್ಕನ ಕಣ್ಣು ಒದ್ದೆಯಾಯಿತು. "ಇದು ಬರೀ ಹೊಳೆಯೋ ಕಾಗೆಬಂಗಾರದ ಜಾತಿ ಕಣಣ್ಣ. ನೀರು ಹಿಡ್ಕೊಂಡು ಬೇರಿಗೆ ಒಸೊಸಿ ಕೊಡ್ತದೆ, ಅಷ್ಟೇ" ಅಂದಳು.

ಅವರು ನಿಟ್ಟುಸಿರು ಬಿಟ್ಟರು. "ಹಂಗಾದ್ರೆ ನೀನೇ ಬಂದು ಹೇಳ್ಬುಡವ್ವ. ನಮ್ಮನೆಯವ್ಳು ಒಂದು ಹಿಡಿ ತೆಗ್ದಿಟ್ಕಂಡು, ಓಲೆ ಮಾಡ್ಸೋಕೆ ಅಕ್ಕಸಾಲೀನ ಕರೆಸ್ಬುಟ್ಟವ್ಳೆ."

ಬಿಡದ ಗಿಡ

ಫ್ಯಾಕ್ಟರಿಯೊಂದರ ಉದ್ಘಾಟನೆಗೆ ಗಣ್ಯರೊಬ್ಬರು ಗಿಡ ನೆಡುವುದಿತ್ತು. ಅದು ಸರಿಹೋದರೆ ಇಡೀ ತೋಟದ ಕೆಲಸ ಅಕ್ಕನಿಗೆ. ಅಲ್ಲಿನ ಜೇಡಿಮಣ್ಣು ಸಡಿಲವಾಗಲೆಂದು ಅವಳು ಜಿಪ್ಸಮ್ ಕಳಿಸಿದ್ದಳು. ಅದೇ ಶೆಡ್ಡಿನಲ್ಲಿ ಚಾವಣಿ ಕೆಲಸದವರ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂಟೆಗಳೂ ಇದ್ದವು. ಎರಡೂ ಬಿಳಿ ಪುಡಿ. ಗುಂಡಿಗೆ ಬಿದ್ದದ್ದು ಪ್ಲಾಸ್ಟರು.

ನಾವು ತಲುಪುವ ಹೊತ್ತಿಗೆ ಗಣ್ಯರು ಗಿಡ ನೆಟ್ಟು, ನೀರು ಹೊಯ್ದು, ಬುಡಕ್ಕೆ ಒಂದು ಕಾಲೂರಿ ಫೋಟೋಗೆ ನಿಂತಿದ್ದರು. ಅಕ್ಕ ಬಿಳಿ ಕೆಸರು ಕಂಡವಳೇ, "ಸಾರ್, ಕಾಲು ತೆಗೀರಿ!" ಅಂತ ಕೂಗಿದಳು. ಪೊಲೀಸರು ಅವಳನ್ನು ತಡೆದರು. ಫೋಟೋದವನು "ಇನ್ನೊಂದೇ ಸಾರ್" ಅನ್ನುತ್ತಲೇ ಇದ್ದ.

ಕೊನೆಗೆ ಗಣ್ಯರು ಕಾಲೆತ್ತಿದರು. ಕಾಲು ಬಂತು, ಬೂಟು ಬರಲಿಲ್ಲ.

ಚಪ್ಪಾಳೆ ನಿಂತಿತು. ಅಕ್ಕ ಪೊಲೀಸರನ್ನು ಸರಿಸಿ, ಮಂಡಿಯೂರಿ, ಗಟ್ಟಿಯಾಗುತ್ತಿದ್ದ ಮಣ್ಣನ್ನು ಕುರುಪಿಯಿಂದ ಬಿಡಿಸಿ ಮೊದಲು ಗಿಡ ತೆಗೆದಳು, ಆಮೇಲೆ ಬೂಟು. ಪಕ್ಕದಲ್ಲೇ ಹೊಸ ಗುಂಡಿ ತೋಡಿಸಿ ಗಿಡವನ್ನು ಮತ್ತೆ ನೆಟ್ಟಳು. ಅವಳ ಕೈಚಳಕ ಕಂಡ ಫ್ಯಾಕ್ಟರಿಯವರು ಅಲ್ಲೇ ತೋಟ ಅವಳಿಗೆ ವಹಿಸಿದರು. ಗಣ್ಯರು ಅಷ್ಟೂ ಹೊತ್ತು ಒಂಟಿ ಬೂಟಿನಲ್ಲೇ ನಿಂತು ಎಲ್ಲ ನೋಡಿ, ಜೋರಾಗಿ ನಕ್ಕುಬಿಟ್ಟರು:

"ಯಾವ್ಯಾವ ಊರಲ್ಲೋ ಗಿಡ ನೆಟ್ಟಿದ್ದೀನಮ್ಮ, ಒಂದನ್ನೂ ತಿರುಗಿ ನೋಡಿದೋನಲ್ಲ. ಇದೊಂದು ಮಾತ್ರ ನನ್ನ ಹೋಗೋಕೇ ಬಿಡ್ಲಿಲ್ಲ!"